ಬೇಕರಿ ಮುಂದಿನ ಕೆಂಪು ಹನಿ

ಮೆಕ್ಯಾನಿಕ್ ಹಳೇ ಕಾರಿನ ಕೆಳಗಿನಿಂದ ತೆವಳಿ ಬಂದು ಕೆಂಪಾದ ಬೆರಳು ತೋರಿಸಿದ. ನಾನು ಪಕ್ಕದಲ್ಲೇ ನನ್ನ ಸ್ಕೂಟರಿಗಾಗಿ ಕಾಯುತ್ತಿದ್ದೆ.

"ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್ ಸೋರ್ತಿದೆ ಸಾರ್. ಸೀಲ್ ಹೋಗಿದೆ."

"ಇವತ್ತೇ ಹೊಸದು ಹಾಕ್ಬಿಡಪ್ಪ," ಎಂದರು ಕಾರಿನ ಯಜಮಾನರು.

"ವರ್ಷಗಟ್ಟಲೆ ಸೋರಿದೆ, ಇವತ್ತೇನ್ರೀ ಅವಸರ?" ಎಂದರು ಅವರ ಹೆಂಡತಿ.

"ಗಾಡಿ ಹಾಳಾಗುತ್ತಲ್ವೇನೇ?"

"ನಿನ್ನೆ ಬೇಕರಿ ಮುಂದೆ ಕೆಂಪು ಹನಿ ನೋಡ್ದೆ ಅಂದೆನಲ್ಲ, ಅದಕ್ಕೆ ತಾನೇ?"

"ಬ್ರೆಡ್ ತರೋಣ ಅಂತ ನಿಲ್ಲಿಸಿದ್ದೆ ಕಣೇ."

"ಆ ಬ್ರೆಡ್ ಮನೆಗೆ ಬರ್ಲೇ ಇಲ್ಲ. ಸಿಹಿ ಬಿಡದಿದ್ರೆ ಕಾಲೇ ತೆಗೀಬೇಕಾಗುತ್ತೆ ಅಂದಿದಾರೆ ಡಾಕ್ಟರ್. ಮರೆತ್ರಾ?"

ಯಜಮಾನರು ಟೈರು ನೋಡತೊಡಗಿದರು.

ಮೆಕ್ಯಾನಿಕ್ ಹೊಸ ಸೀಲ್ ಹಿಡಿದು ಬಂದ. "ಇದು ಹಾಕಿದ್ರೆ ಎಲ್ಲಿ ನಿಲ್ಲಿಸಿದ್ರೂ ಒಂದು ಹನೀನೂ ಬೀಳಲ್ಲಮ್ಮ."

"ಅದಕ್ಕೇ ಬೇಡ. ಆಯಿಲ್ ಮಾತ್ರ ತುಂಬಿಸಪ್ಪ."