ಅಪ್ಪ ಹಾಕಿದ ಕಟ್ಟು

ಪಾಸ್‌ಪೋರ್ಟ್ ಕಚೇರಿಯ ಬೆಂಚಿನಲ್ಲಿ ಟೋಕನ್ ಹಿಡಿದು ಕೂತಿದ್ದ ದರ್ಜಿಯ ಪಕ್ಕದಲ್ಲಿ, ಕೌಂಟರಿನಿಂದ ಬಂದ ಹೆಂಗಸು ಉಸ್ಸಪ್ಪಾ ಎಂದು ಕೂತಳು. ಅಲ್ಲೇ ಕಾಯುತ್ತಿದ್ದ ಅವಳ ತಮ್ಮ ನೀರು ಕೊಟ್ಟ.

“ಏನಂದ್ರಕ್ಕಾ?”

“ಒಪ್ಕೊಂಡ್ರು ಕಣೋ. ಅರವತ್ತು ವರ್ಷಕ್ಕೆ ನಾನು ಈ ದೇಶದೋಳು ಅಂತಾಯ್ತು. ಇನ್ನು ಪರದೇಶದಲ್ಲಿರೋ ತಂಗಿ ಮುಖ ನೋಡ್ಬಹುದು.”

“ಜನನ ಪತ್ರಕ್ಕೆ ಅಂಟು ಮೆತ್ತಿತ್ತಲ್ಲ, ಕೇಳ್ಲಿಲ್ವಾ?”

“ಕೇಳಿದ್ರು. ಅಪ್ಪ ಫೋಟೋಗೆ ಕಟ್ಟು ಹಾಕೋರು, ಕೈಗೆ ಸಿಕ್ಕಿದ ಗಟ್ಟಿ ಕಾಗದಾನೆಲ್ಲ ಹಿಂದೆ ಅಂಟಿಸೋರು, ಇದು ಅವರ ಫೋಟೋ ಹಿಂದೇನೇ ಇತ್ತು ಅಂದೆ. ಸಾಹೇಬ್ರಿಗೇ ನಗು ಬಂತು.”

“ಕಂಕುಳಲ್ಲಿ ಕೂಸಿಟ್ಕೊಂಡು ಎರಡು ವರ್ಷ ಊರೆಲ್ಲ ಹುಡುಕಿದ್ವಲ್ಲ.”

“ಹೋಗ್ಲಿ ಬಿಡು, ಸಿಕ್ತಲ್ಲ.”

ತಮ್ಮ ತಲೆ ಕೆರೆದುಕೊಂಡ. “ಹಾಗಾದ್ರೆ ನನ್ನ ಜನನ ಪತ್ರ?”

“ನಡಿ ಮನೆಗೆ. ಅಮ್ಮನ ಫೋಟೋ ಬಿಚ್ಚೋಣ.”

ಇಬ್ಬರೂ ಮೆಟ್ಟಿಲಿಳಿದು ಹೋದರು.