ಕತ್ತಿ ತಾಗದ ಹಚ್ಚೆ

ಅಯುತ್ಥಯ ಪಟ್ಟಣದ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಗೆ ಕಾಯುತ್ತಿದ್ದ ಬುಪ್ಪಾಳ ಪಕ್ಕದಲ್ಲೇ ಗಂಡ ಹೆಂಡತಿ ಇಬ್ಬರು ಕೂತಿದ್ದರು. ಗಂಡನ ಮುಂಗೈ ಮೇಲಿನ ಹೊಸ ಮಂತ್ರದ ಹಚ್ಚೆ ಕೊಳೆತು ನಾರುತ್ತಿತ್ತು.

“ಸಕ್ಕರೆ ಕಾಯಿಲೆ ಇದೆ ಅಂತ ಹಚ್ಚೆ ಹಾಕಿದ ಗುರುಗಳಿಗೆ ಹೇಳಿದ್ರಾ?” ಹೆಂಡತಿ ಕೇಳಿದಳು.

“ಅವರು ಕೇಳಲಿಲ್ಲ. ಸೋರೆಕಾಯಿ ತಿನ್ನಬಾರದು ಅಂದ್ರು, ನಾನು ಮುಟ್ಟಿಲ್ಲ.”

“ಮಾವಿನಹಣ್ಣು? ಸಿಹಿ ಅನ್ನ?”

“ಅದು ಬೇಡ ಅಂತ ಹೇಳಿರಲಿಲ್ಲವಲ್ಲ.”

“ಕೀವು ಸೋರೋವಾಗಲಾದ್ರೂ ಬಾಯಿ ಬಿಡಬಾರದಿತ್ತಾ?”

“ಮಂತ್ರ ಮೈಗಿಳೀತಿದೆ ಅಂದ್ಕೊಂಡೆ.”

ನರ್ಸ್ ಬಾಗಿಲಿಂದ, “ವಿಚಿಯನ್,” ಎಂದು ಕರೆದಳು.

“ಏಳಿ. ಕೈಯನ್ನ ಮೊಣಕೈವರೆಗೆ ಕತ್ತರಿಸಿ ತೆಗೀತಾರಂತೆ.”

“ಇದು ಮೈಮೇಲಿರೋ ತನಕ ಕತ್ತಿ ತಾಗಲ್ಲ ಅಂದಿದ್ರು ಕಣೇ.”

“ಅದನ್ನೂ ಸೇರಿಸೇ ತೆಗೀತಾರೆ, ಬನ್ನಿ.”

ಹೆಂಡತಿ ಅವನ ಇನ್ನೊಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.