ಮಾವನ ಬೆನ್ನಿಗೆ ಹಾರ್ನ್

ಈಗ ಸಂಜೆ ನಾಲ್ಕು ಗಂಟೆ. ಇಷ್ಟು ಹೊತ್ತು ಕುಳಿತು ದಣಿದಿರುವ ಅಧ್ಯಕ್ಷರೇ, ಫೋರ್ಕ್‌ಲಿಫ್ಟ್ ತರಬೇತಿ ನೀಡಿದ ಕಾಂತೇಶ್ ಸರ್ ಅವರೇ, ಕೊಟ್ಟೂರಿನ ಈ ಗೋದಾಮಿನ ಹಮಾಲರೇ, ಚಾಲಕರೇ, ಸಭಿಕರೇ. ಬೆಳಿಗ್ಗೆ ಎಲ್ಲರೂ ಕೈ ಮುಂದೆ ಚಾಚಿ ಸುರಕ್ಷತಾ ಪ್ರತಿಜ್ಞೆ ಮಾಡಿದಿರಿ. ಆಮೇಲೆ ಬೆಂಕಿ ಆರಿಸುವುದನ್ನು ತೋರಿಸಿದರು. ಬೆಂಕಿಗಿಂತ ಹೊಗೆಯೇ ಹೆಚ್ಚಾಗಿ ಅಡುಗೆಯವರು ಮೊದಲು ಓಡಿದರು. ಊಟವೂ ಆಯಿತು. ಇನ್ನು ಪ್ರಮಾಣಪತ್ರ ಕೊಡುವುದೊಂದು ಉಳಿದಿದೆ. ಅದಕ್ಕೆ ಮುಂಚೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದಾರೆ.

ನಾನು ಹುಲುಗಮ್ಮ. ಹೋದ ಸುಗ್ಗಿಯಲ್ಲಿ ಇದೇ ಗೋದಾಮಿನಲ್ಲಿ ಚೀಲ ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗೆ ಸಿಕ್ಕು ತೀರಿಕೊಂಡ ಹಮಾಲ ಕೊಟ್ರಬಸಪ್ಪನವರ ಹೆಂಡತಿ. ಗಾಡಿ ನಡೆಸುತ್ತಿದ್ದವನು ಕ್ರಾಂತಿಕುಮಾರ್, ನಮ್ಮವರ ಅಕ್ಕನ ಮಗ, ನಮ್ಮ ಮಗಳ ಗಂಡ. ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಯಾರೂ ತಿರುಗಿ ನೋಡಬೇಡಿ.

ವಿಚಾರಣೆಗೆ ಬಂದ ಅಧಿಕಾರಿಗಳು ಹಾರ್ನ್ ಕೆಟ್ಟಿತ್ತೇ ಎಂದು ಕೇಳಿದರಂತೆ. ಇಲ್ಲ, ಸರಿಯಾಗಿಯೇ ಇತ್ತು ಎಂದನಂತೆ. ಮತ್ತೆ ಯಾಕೆ ಹೊಡೆಯಲಿಲ್ಲ? ಅದಕ್ಕೆ ಅವನು ಹೇಳಿದ್ದು ಒಂದೇ ಮಾತು.

"ಮಾವಗ ಹೆಂಗ ಹಾರ್ನ್ ಹೊಡೀಲಿ ಸರ್?"

ಅಧಿಕಾರಿಗಳು ಅದನ್ನು ಅಜಾಗರೂಕತೆ ಎಂದು ಬರೆದುಕೊಂಡರು. ಅದು ಅಜಾಗರೂಕತೆಯೇ?

ನಮ್ಮವರ ನಡಿಗೆ ನಿಮಗೆ ಗೊತ್ತು. ನಡುದಾರಿ ಬಿಟ್ಟು ನಡೆದವರಲ್ಲ. ಕೂಡ್ಲಿಗಿ ಬಸ್ಸು ಹಿಂದೆ ಬಂದು ಕೂಗಿದರೂ, "ಬಸ್ಸು ನಿಂದಿರಬಹುದು, ರಸ್ತಾ ನಿಮ್ಮಪ್ಪಂದೇನು" ಎನ್ನುತ್ತಿದ್ದರು. ಕ್ರಾಂತಿ ಗಾಡಿ ಹತ್ತಿದ ಹೊಸದರಲ್ಲಿ ಅವರ ಹಿಂದೆ ಹಾರ್ನ್ ಹೊಡೆದಿದ್ದ. ಅವರು ಚೀಲ ಇಳಿಸಿ ಎಲ್ಲರ ಮುಂದೆ ಕೇಳಿದರು: "ಲೇ ಕ್ರಾಂತಿ, ಮಾವನ ಬೆನ್ನಿಗೆ ಹಾರ್ನ್ ಹೊಡಿತೀಯಲ್ಲ, ನಾನೇನ್ ಎಮ್ಮಿ ಏನಲೇ?" ಗೋದಾಮೆಲ್ಲ ನಕ್ಕಿತು. ಮನೆಗೆ ಬಂದು ಊಟಕ್ಕೆ ಕುಳಿತಾಗ ಅದನ್ನೇ ಮಾಡಿ ತೋರಿಸಿದರು. ನಾನೂ ನಕ್ಕೆ. ಕ್ರಾಂತಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅವತ್ತಿನಿಂದ ಯಾವ ಹಿರಿಯರ ಹಿಂದೆಯೂ ಅವನು ಹಾರ್ನ್ ಹೊಡೆಯಲಿಲ್ಲ. ಅವರಾಗಿ ಸರಿಯುವ ತನಕ ಮೆಲ್ಲಗೆ ಹಿಂದೆ ಬರುತ್ತಿದ್ದ. ಒಳ್ಳೆಯ ಹುಡುಗ ಎಂದು ನೀವೇ ಹೊಗಳಿದಿರಿ.

ಆ ದಿನವೂ ಹಾಗೇ ಬರುತ್ತಿದ್ದ. ಬ್ಯಾಟರಿ ಗಾಡಿ, ಸದ್ದು ಕಡಿಮೆ. ಮುಂದೆ ಮೆಕ್ಕೆಜೋಳದ ಚೀಲಗಳ ಅಟ್ಟಿ. ಅದರ ಮೇಲಿಂದ ಅವನಿಗೆ ಕಾಣುತ್ತಿದ್ದದ್ದು ಮಾವನ ತಲೆಯ ಕೆಂಪು ಟವೆಲ್ ಮಾತ್ರ. ಅವರ ಕೈಯಿಂದ ಚೀಲ ಎಳೆಯುವ ಕೊಕ್ಕೆ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಟವೆಲ್ ಮರೆಯಾಯಿತು. ಮಾವ ಪಕ್ಕಕ್ಕೆ ಸರಿದರು ಎಂದುಕೊಂಡು ಗಾಡಿ ಮುಂದಕ್ಕೆ ಬಿಟ್ಟ.

ಎದುರು ಕಾಣದಷ್ಟು ಸರಕಿದ್ದರೆ ಗಾಡಿಯನ್ನು ಹಿಮ್ಮುಖವಾಗಿ ನಡೆಸಬೇಕೆಂದು ಕಾಂತೇಶ್ ಸರ್ ಈಗ ಕಲಿಸಿದ್ದಾರೆ. ಆಗ ಯಾರೂ ಕಲಿಸಿರಲಿಲ್ಲ. ನಡೆಯುವವರಿಗೆಂದು ಹಳದಿ ಗೆರೆಯನ್ನೂ ಈಗ ಬಳಿದಿದ್ದಾರೆ. ಆದರೂ ನಿನ್ನೆ ಹಿರಿಯ ಹಮಾಲ ಗುರುಸಂಗಪ್ಪಣ್ಣ ಹೊಸ ಚಾಲಕನೊಬ್ಬನಿಗೆ, "ಹಾರ್ನ್ ಮೆತ್ತಗ ಹೊಡಿಯಲೇ, ನಮಗ ಕಿವಿ ಅದಾವು" ಎಂದು ಗದರಿದ್ದು ಕೇಳಿದೆ. ಅಣ್ಣಾ, ಕಿವಿ ನಮ್ಮವರಿಗೂ ಇದ್ದವು.

ಇವತ್ತು ಬೆಳಿಗ್ಗೆ ಕ್ರಾಂತಿ ಹೊಸ್ತಿಲ ಹೊರಗೆ ನಿಂತು ಹೇಳಿದ: "ಅತ್ತಿ, ಪರೀಕ್ಷಾ ಪಾಸಾಗೇನಿ, ಖರೆ. ಆದ್ರ ಗಾಡಿ ಹತ್ತಂಗಿಲ್ಲ. ಮುಂದ ಯಾರರ ನಡದ್ರ ಹಾರ್ನಿಗೆ ನನ್ನ ಕೈ ಏಳಂಗಿಲ್ಲ."

ಇವತ್ತು ಪ್ರಮಾಣಪತ್ರ ತೆಗೆದುಕೊಳ್ಳದಿದ್ದರೆ ಅವನ ಕೆಲಸ ಹೋಗುತ್ತದೆ. ನಾನು ಬಂದದ್ದು ಅದಕ್ಕಲ್ಲ. ಅವನು ನನ್ನ ಎದುರು ಕುಳಿತು ಉಣ್ಣುವುದನ್ನೇ ಬಿಟ್ಟಿದ್ದಾನೆ. ಮನೆಯಲ್ಲಿ ಒಬ್ಬರು ಹೋದರು. ಇವನೂ ಹೀಗೆ ಕಣ್ಣೆದುರೇ ಹೋಗುವುದನ್ನು ನೋಡಲಾರೆ.

ಹಿರಿಯರೇ, ನಿಮ್ಮಲ್ಲಿ ನನ್ನದು ಒಂದು ಬೇಡಿಕೆ. ಅವನು ಹಾರ್ನ್ ಹೊಡೆದರೆ ಬೈಯಬೇಡಿ, ನಗಬೇಡಿ, ಸರಿದು ನಿಲ್ಲಿ. ನನಗೂ ಇಲ್ಲೇ ಕಸ ಗುಡಿಸುವ ಕೆಲಸ ಕೊಟ್ಟಿದ್ದಾರೆ. ಕ್ರಾಂತಿ, ಮೊದ್ಲು ನನಗ ಹೊಡಿ. ಜೋರಾಗೇ ಹೊಡಿ. ಅದರಾಗ ಮರ್ಯಾದಿ ಹೋಗದಿಲ್ಲಪ್ಪ. ನಿನ್ನ ಪತ್ರ ನನ್ನ ಕೈಯಾಗೈತಿ, ಬಾ.

ಎದ್ದಿದ್ದಾನೆ. ನಡುವಿನ ಕುರ್ಚಿಗಳನ್ನು ಸ್ವಲ್ಪ ಸರಿಸಿ.

ಸುಮ್ಮನೆ ಕುಳಿತು ಕೇಳಿದಿರಿ, ನಿಮಗೆಲ್ಲ ವಂದನೆ, ನಮಸ್ಕಾರ. ನಾಳೆ ಎಂಟಕ್ಕೆ ಹಿರೇಹಡಗಲಿಯಿಂದ ಮೆಕ್ಕೆಜೋಳದ ಲಾರಿಗಳು ಬರುತ್ತವೆ.